ಉಕ್ಕಿನ ಹಗ್ಗಕ್ಕೆ ಆಗುವುದು ದಣಿವೋ, ನಲುಗೋ?

ಎಲ್ಲರಿಗೂ ನಮಸ್ಕಾರ.

ಇಳಕಲ್ಲಿನ ಗ್ರಾನೈಟ್ ಕ್ವಾರಿಯೊಂದಕ್ಕೆ ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಕ್ರೇನಿನ ವೈರ್ ರೋಪ್ ವಿಷಯ ಬಂದಾಗ ಪೆನ್ನು ನಿಂತಿತು. 'ಫಟೀಗ್', ಅಂದರೆ ಮತ್ತೆ ಮತ್ತೆ ಬಾಗಿ ಉಕ್ಕು ಬಿರುಕು ಬಿಡುವುದು, ಅನ್ನುವುದಕ್ಕೆ ಏನು ಬರೆಯಲಿ?

ಮೊದಲು 'ದಣಿದ ಹಗ್ಗ ಬಳಸಬೇಡಿ' ಎಂದು ಬರೆದಿದ್ದೆ. ಓದಿದ ಕೆಲಸಗಾರರೊಬ್ಬರು, "ಹಂಗಾರ ಎರಡು ದಿನ ಬಿಟ್ಟು ಬಳಸಬಹುದೇನ್ರಿ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ದಣಿವು ಆರುತ್ತದೆ, ಅಲ್ವಾ? ಉಕ್ಕಿನ ಎಳೆಯಲ್ಲಿ ಬಿಟ್ಟ ಬಿರುಕು ಎಷ್ಟು ದಿನ ಸುಮ್ನೆ ಇಟ್ಟರೂ ಕೂಡುವುದಿಲ್ಲ. ಆಯಾಸ, ಬಳಲಿಕೆಗಳಲ್ಲೂ ಇದೇ ತೊಡಕು.

6 ಹುರಿ, ಒಂದೊಂದು ಹುರಿಯಲ್ಲಿ 36 ಎಳೆ ಇರುವ ಹಗ್ಗ ಅಂದುಕೊಳ್ಳಿ. ಕ್ರೇನಿನ ರಾಟೆಯ ಗಾಲಿಯ ಮೇಲೆ ಹಾಯುವಾಗ ಪ್ರತಿ ಎಳೆಯೂ ಬಾಗುತ್ತದೆ, ದಾಟಿದ ಮೇಲೆ ನೆಟ್ಟಗಾಗುತ್ತದೆ. ಗಾಲಿ ಚಿಕ್ಕದಾದಷ್ಟೂ ಬಾಗು ಜಾಸ್ತಿ, ಬಾಳಿಕೆ ಕಡಿಮೆ. ಹಗ್ಗ ತಾಳುವುದಕ್ಕಿಂತ ಎಷ್ಟೋ ಕಡಿಮೆ ಭಾರ ಎತ್ತಿದರೂ, ಸಾವಿರಾರು ಸಲ ಹೀಗಾದ ಮೇಲೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೆಲವು ಒಳಗೇ ತುಂಡಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು 'ಸವೆತ' ಎನ್ನಲೂ ಆಗದು. ಉಜ್ಜಿ ಉಜ್ಜಿ ತೆಳ್ಳಗಾಗುವುದು ಸವೆತ. ಅದನ್ನು ಬೇರೆಯಾಗಿ ಅಳೆಯುತ್ತಾರೆ.

ತಂತಿಹಗ್ಗ ಹುಟ್ಟಿದ್ದೇ ಈ ತೊಂದರೆಯಿಂದ. ಜರ್ಮನಿಯ ಹಾರ್ಟ್ಸ್ ಗಣಿಗಳಲ್ಲಿ ಸರಪಳಿಗಳು ಹೀಗೆ ಮುರಿಯುವುದನ್ನು ಕಂಡ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್, 1834ರಲ್ಲಿ 3 ಹುರಿಯ, ಹುರಿಗೆ 4 ತಂತಿಯ ಹಗ್ಗ ಹೊಸೆಸಿದರು. ಸರಪಳಿಯ ಒಂದು ಕೊಂಡಿ ಹೋದರೆ ಮುಗಿಯಿತು. ಹಗ್ಗದಲ್ಲಿ ಒಂದು ಎಳೆ ಹೋದರೆ ಉಳಿದವು ಹಿಡಿದಿರುತ್ತವೆ, ನೋಡುವವರಿಗೆ ಎಚ್ಚರಿಕೆಯೂ ಸಿಗುತ್ತದೆ.

ನನ್ನ ಒಲವು 'ನಲುಗು' ಕಡೆಗೆ. ಮತ್ತೆ ಮತ್ತೆ ಪೆಟ್ಟು ತಿಂದು ಸೊರಗುವುದು ಅದರಲ್ಲಿದೆ, ಆರುವ ಮಾತಿಲ್ಲ. 'ಫಟೀಗ್ ಸ್ಟ್ರೆಂತ್'ಗೆ, ಅಂದರೆ ಮತ್ತೆ ಮತ್ತೆ ಬೀಳುವ ಭಾರವನ್ನು ಮುರಿಯದೆ ತಾಳುವ ಬಲಕ್ಕೆ, 'ನಲುಗುತಾಳಿಕೆ' ಆದೀತು. ಒಂದೇ ಅಳುಕು: ನಲುಗಿದ್ದು ಅಂದರೆ ಸುಕ್ಕಾದ ಬಟ್ಟೆಯ ಹಾಗೆ ಮೇಲೆಯೇ ಕಾಣಬೇಕು ಎಂದು ಓದುಗರಿಗೆ ಅನಿಸುತ್ತದೆಯೇ?

ಕ್ವಾರಿಯಲ್ಲಿ ಹಿರಿಯರೊಬ್ಬರು "ಈ ಹಗ್ಗದಾಗ ಜೀವ ಉಳಿದಿಲ್ರಿ" ಅಂದರು. ಕೇಳಿದ ಕೂಡಲೇ ಎಲ್ಲರಿಗೂ ತಿಳಿಯಿತು. ಸೂಚನೆಯ ಹಲಗೆಗೆ ಅದೇ ಸಾಕೇನೋ. ಆದರೆ ತಪಾಸಣೆಯ ಪುಸ್ತಕದಲ್ಲಿ ಒಂದು ಹೆಸರುಪದ ಬೇಕೇ ಬೇಕು.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಕಪಿಲೆ (ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವುದು) ಹೊಡೆದವರ ಮನೆಯವರು ಯಾರಾದರೂ ಇದ್ದರೆ ಹೇಳಿ: ಗಾಲಿಯ ಮೇಲೆ ದಿನವೂ ಬಾಗಿ ಬಾಗಿ ಮಿಣಿ (ಕಪಿಲೆಯ ಹಗ್ಗ) ಒಂದೇ ಕಡೆ ಬಲ ಕಳೆದುಕೊಂಡಾಗ ಅದಕ್ಕೆ ಏನೆನ್ನುತ್ತಿದ್ದರು?