ಕ್ಯಾಮೆರಾ ಈವೆಂಟ್ ಒಂದ ನಿಮಿಷಕ್ಕ ನಿಲ್ಲಾಕತ್ತಾವ, ರಿನ್ಯೂ ಆಗವಲ್ದು

ಬ್ಯಾಡಗಿ_ಗೋದಾಮು: ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ 6 ಆನ್‌ವಿಫ್ (ಬ್ಯಾರೆ ಬ್ಯಾರೆ ಕಂಪನಿ ಕ್ಯಾಮೆರಾಕ್ಕ ಒಂದ ನಮೂನಿ ಮಾತಾಡೂ ಮಾನದಂಡ) ಕ್ಯಾಮೆರಾ. ಮೋಷನ್ ಈವೆಂಟ್ ಪೈಥಾನ್ ಸ್ಕ್ರಿಪ್ಟಿಂದ ಮಸ್ಕಿಟೋ ಬ್ರೋಕರ್‌ಗೆ (ಮೆಸೇಜ್ ಇಸ್ಕೊಂಡು ಹಂಚೂ ಸರ್ವರ್) ಹೋಗಬೇಕು. ಒಂದ ನಿಮಿಷ ಛಲೋ ಬರ್ತಾವ, ಆಮ್ಯಾಲೆ ಬಂದ್. ರಿನ್ಯೂ (ಅವಧಿ ಮುಂದುವರಿಸೂ ವಿನಂತಿ) ಕಳಿಸಿದ್ರೂ ಅಷ್ಟ. ತಲಿ ಕೆಟ್ಟೈತಿ, ಯಾರರ ಹೇಳ್ರಿ.

ಹುಬ್ಬಳ್ಳಿ_ವೈರ್: ಕ್ಯಾಮೆರಾದ ಟೈಮ್ ನೋಡ್ರಿ ಮೊದ್ಲ. ಹಿಂದ-ಮುಂದ ಇದ್ರ ಡೈಜೆಸ್ಟ್ ಟೋಕನ್ (ಪಾಸ್‌ವರ್ಡ್, ಟೈಮ್ ಕೂಡಿಸಿ ಮಾಡಿದ ಗುರುತು) ಒಪ್ಪಂಗಿಲ್ಲ.

ಬ್ಯಾಡಗಿ_ಗೋದಾಮು: ಎನ್‌ಟಿಪಿ (ನೆಟ್‌ವರ್ಕಿಂದ ಟೈಮ್ ಸರಿ ಮಾಡ್ಕೊಳ್ಳೂದು) ಐತ್ರಿ. ಒಂದ ಸೆಕೆಂಡೂ ಫರಕ್ ಇಲ್ಲ.

ಹುಬ್ಬಳ್ಳಿ_ವೈರ್: ಹಂಗಾರ ಟೈಮ್‌ಝೋನ್. ರಿನ್ಯೂದಾಗ ತಾರೀಖು ಕಳಿಸಿದ್ರ ಯುಟಿಸಿ (ಜಾಗತಿಕ ಟೈಮ್) ಇರಬೇಕು, ಐದೂವರೆ ತಾಸು ತಪ್ಪಿರತೈತಿ. ಪಿಟಿ60ಎಸ್ (60 ಸೆಕೆಂಡ್) ಅಂತ ಅವಧಿ ಕಳಿಸ್ರಿ.

ಬ್ಯಾಡಗಿ_ಗೋದಾಮು: ಅದನ್ನ ಕಳಸಾಕತ್ತೇನ್ರಿ!

ಗದಗ_ಗಾಳಿ: ಬ್ರೋಕರ್‌ನ್ಯಾಗ ಕ್ಯೂಒಎಸ್ 1 (ಮೆಸೇಜ್ ಒಮ್ಮೆಯರ ಮುಟ್ಟೂ ಹಂಗ) ಮಾಡಿ ರಿಟೇನ್ (ಕಡೇ ಮೆಸೇಜ್ ಬ್ರೋಕರ್ ಇಟ್ಕೊಳ್ಳೂದು) ಹಚ್ಚರಿ.

ಧಾರವಾಡ_ಸೋಪ್: ಮೋಷನ್‌ಗೆ ರಿಟೇನ್ ಬ್ಯಾಡ್ರಿ. ಕ್ಯಾಮೆರಾಕ್ಕ ಕರೆಂಟ್ ಹೋದ್ರ ಕಡೇ ‘ಟ್ರೂ’ (ಮೋಷನ್ ಐತಿ ಅನ್ನೂದು) ಬ್ರೋಕರ್‌ನ್ಯಾಗ ಹಂಗ ಕೂತಿರ್ತದ.

ಗದಗ_ಗಾಳಿ: ಲಾಸ್ಟ್ ವಿಲ್ (ಬ್ರೋಕರ್ ತಾನ ಕಳಿಸೂ ಕಡೇ ಮೆಸೇಜ್) ಯಾಕ ಐತಿ ಮತ್ತ?

ಧಾರವಾಡ_ಸೋಪ್: ಲಾಸ್ಟ್ ವಿಲ್ ಹೊಂಡೂದು ಸ್ಕ್ರಿಪ್ಟ್-ಬ್ರೋಕರ್ ಕನೆಕ್ಷನ್ ಹರದಾಗ. ಕ್ಯಾಮೆರಾ ಆಫ್ ಆದ್ರೂ ಸ್ಕ್ರಿಪ್ಟ್ ನಡದಿರ್ತದಲ್ಲ. ಅದಿರಲಿ, ಬ್ಯಾಡಗಿ ಅಣ್ಣಾರ, ರಿನ್ಯೂ ಯಾವ ಅಡ್ರೆಸ್ಸಿಗೆ ಹೊಂಟೈತಿ?

ಬ್ಯಾಡಗಿ_ಗೋದಾಮು: ಈವೆಂಟ್ ಸರ್ವಿಸಿನ ಅಡ್ರೆಸ್ಸಿಗೆ. ಇನ್ನೆಲ್ಲಿಗ್ರಿ?

ಧಾರವಾಡ_ಸೋಪ್: ಅಲ್ಲೇ ತಪ್ಪೈತಿ. ಪುಲ್‌ಪಾಯಿಂಟ್ (ಈವೆಂಟ್ ನಾವ ಕೇಳಿ ತಗೊಳ್ಳೂ ಸಬ್‌ಸ್ಕ್ರಿಪ್ಶನ್) ಮಾಡಿದಾಗ ಉತ್ತರದಾಗ ಸಬ್‌ಸ್ಕ್ರಿಪ್ಶನ್ ರೆಫರೆನ್ಸ್ ಬರ್ತದ. ಪುಲ್‌ಮೆಸೇಜಸ್ (ಈವೆಂಟ್ ಕೇಳೂ ವಿನಂತಿ), ರಿನ್ಯೂ, ಅನ್‌ಸಬ್‌ಸ್ಕ್ರೈಬ್ (ರದ್ದು ಮಾಡೂ ವಿನಂತಿ) ಮೂರೂ ಅದರೊಳಗಿನ ಅಡ್ರೆಸ್ಸಿಗೇ ಹೋಗಬೇಕು. ನಿಮ್ಮ ಪುಲ್ ಸರಿಯಾದ ಕಡೆ ಹೊಂಟೈತಿ, ಅದಕ್ಕ ಮೊದಲನೇ ನಿಮಿಷ ಬರ್ತಾವ. ಕೆಲವು ಕ್ಯಾಮೆರಾ ಎಲ್ಲಾ ಸಬ್‌ಸ್ಕ್ರಿಪ್ಶನ್‌ಗೂ ಒಂದ ಅಡ್ರೆಸ್ ಕೊಟ್ಟು, ಐಡಿ ರೆಫರೆನ್ಸ್ ಪ್ಯಾರಾಮೀಟರ್ಸ್‌ನ್ಯಾಗ ಇಡ್ತಾವ. ಅದನ್ನ ಒಂದಕ್ಷರ ಬದಲಿಸದ ಸೋಪ್ ಹೆಡರ್‌ಗೆ (ಕ್ಯಾಮೆರಾಕ್ಕ ಕಳಿಸೂ ವಿನಂತಿಯ ತಲೆಭಾಗ) ಕಾಪಿ ಮಾಡ್ರಿ.

ಪುಲ್‌ಮೆಸೇಜಸ್ ಟೈಮ್‌ಔಟ್ ಎಷ್ಟ ಇಟ್ಟೀರಿ? 60 ಸೆಕೆಂಡ್ ಇಟ್ಟು ಅದ ಥ್ರೆಡ್ಡಿನಿಂದ ರಿನ್ಯೂ ಕಳಿಸಿದ್ರ, ಪುಲ್ ಕಾಯ್ಕೋತ ಕೂಡೂದ್ರಾಗ ಅವಧಿ ಮುಗೀತದ. ಪುಲ್ 10 ಸೆಕೆಂಡ್, ರಿನ್ಯೂ 30ಕ್ಕೊಮ್ಮೆ. ಉತ್ತರದಾಗ ಕರೆಂಟ್‌ಟೈಮ್ (ಕ್ಯಾಮೆರಾದ ಸದ್ಯದ ಟೈಮ್), ಟರ್ಮಿನೇಷನ್‌ಟೈಮ್ (ಅವಧಿ ಮುಗಿಯೂ ಟೈಮ್) ಎರಡೂ ಇರ್ತಾವ. ಅವೆರಡರ ಫರಕ್ ಹಿಡದು ಲೆಕ್ಕ ಹಾಕಿದ್ರ ಗಡಿಯಾರದ ಗೊಡವಿನೇ ಇಲ್ಲ.

ಸ್ಕ್ರಿಪ್ಟ್ ನಿಲ್ಲಿಸೂ ಮುಂದ ಅನ್‌ಸಬ್‌ಸ್ಕ್ರೈಬ್ ಮರೀಬ್ಯಾಡ್ರಿ. ಹಳೇವು ಅವಧಿ ಮುಗಿಯೂತನಾ ಜಾಗಾ ಹಿಡದಿರ್ತಾವ, ಮ್ಯಾಕ್ಸ್‌ಪುಲ್‌ಪಾಯಿಂಟ್ಸ್ (ಕ್ಯಾಮೆರಾ ಕೊಡೂ ಪುಲ್‌ಪಾಯಿಂಟಿನ ಮಿತಿ) ತುಂಬಿದ್ರ ಹೊಸದು ಸಿಗಂಗಿಲ್ಲ.

ಹುಬ್ಬಳ್ಳಿ_ವೈರ್: ಆದ್ರೂ ಟೈಮ್‌ಝೋನ್ ಒಮ್ಮೆ ನೋಡ್ರಿ.

ಬ್ಯಾಡಗಿ_ಗೋದಾಮು: ಅಡ್ರೆಸ್ ಬದಲಿಸಿದೆ, ಎರಡ ತಾಸಿಂದ ಆರೂ ನಡದಾವ! ಭಾಳ ಉಪಕಾರ ಆತ್ರಿ. ಇನ್ನೊಂದು: ಸ್ಕ್ರಿಪ್ಟ್ ಚಾಲೂ ಮಾಡಿದಾಗೊಮ್ಮೆ, ಯಾರೂ ಇಲ್ದಿದ್ರೂ ಸೈರನ್ ಹೊಡಕೊಳ್ಳಾಕತ್ತೈತಿ.

ಧಾರವಾಡ_ಸೋಪ್: ಸಬ್‌ಸ್ಕ್ರೈಬ್ ಆದ ಕೂಡ್ಲೆ ಕ್ಯಾಮೆರಾ ಸದ್ಯದ ಸ್ಥಿತಿ ಕಳಿಸ್ತದ, ಪ್ರಾಪರ್ಟಿ ಆಪರೇಷನ್ ‘ಇನಿಷಿಯಲೈಸ್ಡ್’ ಅಂತ ಇರ್ತದ. ಅದನ್ನ ಬರದಿಟ್ಕೋರಿ ಅಷ್ಟ. ‘ಚೇಂಜ್ಡ್’ ಬಂದು ಈಸ್‌ಮೋಷನ್ ‘ಟ್ರೂ’ ಇದ್ರ ಮಾತ್ರ ಸೈರನ್. ಮೋಷನ್‌ಅಲಾರ್ಮ್ ಟಾಪಿಕ್ ಇದ್ರ ಈಸ್‌ಮೋಷನ್ ಬದ್ಲಿ ಹೆಸರು ‘ಸ್ಟೇಟ್’ ಆಗ್ತದ, ಎರಡೂ ನೋಡೂ ಹಂಗ ಬರೀರಿ.