ಸಹಾಯ ಬೇಕು: ಹಳೇ ಸಿಗಾರ್ ಪೆಟ್ಟಿಗೆಯ ಒಳಗಿನ ಮರ ಯಾವುದು?

ಮರದ ಕೆಲಸ ಗೊತ್ತಿರುವವರು ದಯವಿಟ್ಟು ನೋಡಿ. ನಾನು ಫ್ಲೋರಿಡಾದ ಟ್ಯಾಂಪಾದಲ್ಲಿದ್ದೇನೆ. ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಹ್ಯೂಮಿಡಾರ್ ಸಿಕ್ಕಿತು, ಅಂದರೆ ಸಿಗಾರ್ ಒಣಗದಂತೆ ತೇವ ಹಿಡಿದಿಡುವ ಪೆಟ್ಟಿಗೆ. ತಳದಲ್ಲಿ 'ಮೇಡ್ ಇನ್ ಇಂಡಿಯಾ' ಮುದ್ರೆ ಇದೆ. ಒಳಗಿನ ಒಂದು ಹಲಗೆ ಸೀಳಿದೆ. ಅದೇ ಜಾತಿಯ ಮರವನ್ನೇ ಹಾಕಬೇಕು, ಬೇರೆ ವಾಸನೆಯದು ಹಾಕಿದರೆ ಸಿಗಾರ್‌ಗೂ ಹತ್ತಿಕೊಳ್ಳುತ್ತದೆ ಅಲ್ವಾ.

ಸಾಮಾನ್ಯವಾಗಿ ಇದಕ್ಕೆ ಬಳಸುವುದು ಸ್ಪ್ಯಾನಿಷ್ ಸೀಡರ್, ಅಂದರೆ ಸೆಡ್ರೆಲಾ ಒಡೊರಾಟಾ. ಮಹಾಗನಿ, ಬೇವು ಇರುವ ಕುಟುಂಬದ್ದೇ. ಸೀಳಿದ ತುದಿಯನ್ನು ಬ್ಲೇಡಿನಲ್ಲಿ ನಯವಾಗಿ ಕೊಯ್ದು ಲೆನ್ಸ್ ಇಟ್ಟು ನೋಡಿದೆ. ರಂಧ್ರಗಳು ಕಾಣುತ್ತವೆ, ಹಾಗಾಗಿ ಪೆನ್ಸಿಲಿಗೆ ಬಳಸುವ ಸೀಡರ್ ಅಲ್ಲ, ಅದರಲ್ಲಿ ಇಂಥ ರಂಧ್ರ ಇರುವುದಿಲ್ಲ. ದೊಡ್ಡ ರಂಧ್ರಗಳು ಬೆಳವಣಿಗೆಯ ಉಂಗುರದ ಉದ್ದಕ್ಕೂ ಸಾಲಾಗಿವೆ, ಮಹಾಗನಿಯಲ್ಲಾದರೆ ಚದುರಿರುತ್ತವೆ. ಬಣ್ಣ ಇಟ್ಟಿಗೆ ಕೆಂಪು, ಉಜ್ಜಿದರೆ ಘಮ ಬರುತ್ತದೆ. ಇಲ್ಲಿವರೆಗೆ ಸರಿ.

ಸಿಕ್ಕಿಕೊಂಡಿರುವುದು ಇಲ್ಲಿ: ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ತೂನಾ ಸಿಲಿಯಾಟಾ ಇದಕ್ಕೆ ಹತ್ತಿರದ ನೆಂಟ, ಹಿಂದೆ ಅದನ್ನೂ ಸೆಡ್ರೆಲಾ ಗುಂಪಿಗೇ ಸೇರಿಸಿದ್ದರು, ರಂಧ್ರಗಳ ಜೋಡಣೆಯೂ ಹೀಗೇ, ಸಿಗಾರ್ ಪೆಟ್ಟಿಗೆಗೂ ಬಳಸುತ್ತಾರೆ. ಇಲ್ಲಿನ ಮರದಂಗಡಿಯವರು ಬಣ್ಣ ನೋಡಿ ಸುಮ್ನೆ ಸ್ಪ್ಯಾನಿಷ್ ಸೀಡರ್ ಅಂದುಬಿಟ್ಟರು. ಆ ಮುದ್ರೆ ನೋಡಿದ ಮೇಲೆ ನನಗೆ ತೂನಾ ಮೇಲೆಯೇ ಅನುಮಾನ ಜಾಸ್ತಿ.

ಬರೀ ಲೆನ್ಸ್‌ನಲ್ಲಿ ಇವೆರಡನ್ನೂ ಬೇರೆ ಮಾಡಲು ಆಗುತ್ತದೆಯೇ? ಆಗುವುದಾದರೆ ಯಾವ ಗುರುತು ನೋಡಬೇಕು? ಆಗಲ್ಲ ಅಂದರೆ, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಮರದ ಚೂರು ಕೊಟ್ಟು ಗುರುತಿಸಿಕೊಂಡವರು ಯಾರಾದರೂ ಇದ್ದೀರಾ, ಎಷ್ಟು ದೊಡ್ಡ ತುಂಡು ಬೇಕಾಗುತ್ತದೆ?