ಹೊಟ್ಟೆಯ ರಕ್ತನಾಳ ಉಬ್ಬಿದೆ, ತೊಡೆಸಂದಿಯಿಂದ ಸ್ಟೆಂಟ್ ಹಾಕಿಸಬಹುದಾ?

ಪ್ರಶ್ನೆ (ರಾಜಾಜಿನಗರ): ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 71 ವರ್ಷ, ಬೀಡಿ ಅಭ್ಯಾಸ ಇದೆ. ಮೂತ್ರದ ತೊಂದರೆಗೆ ಸ್ಕ್ಯಾನ್ ಮಾಡಿಸಿದಾಗ ಅಯೋರ್ಟಾ (ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ) 5.8 ಸೆಂ.ಮೀ. ಉಬ್ಬಿದೆ ಅಂತ ಬಂತು. ನೋವೇನೂ ಇಲ್ಲ. ಹೊಟ್ಟೆ ಕೊಯ್ಯದೆ ಸರಿಮಾಡಬಹುದಂತೆ, ನಿಜಾನಾ? ನಿಮ್ಮಪ್ಪನಿಗೇ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ (ರಕ್ತನಾಳ ಸರ್ಜನ್): ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ಆ ನಾಳ ಸಾಮಾನ್ಯವಾಗಿ 2 ಸೆಂ.ಮೀ. ಅಗಲ ಇರುತ್ತದೆ. ಗಂಡಸರಲ್ಲಿ 5.5 ದಾಟಿದರೆ ಚಿಕಿತ್ಸೆಯ ಮಾತು ಬರುತ್ತದೆ. ಒಡೆದರೆ ಎಷ್ಟೋ ಜನ ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ.

ನಾನು ಕೆಲಸ ಕಲಿತದ್ದು ಹೊಟ್ಟೆ ತೆರೆದೇ. ಕರುಳು ಪಕ್ಕಕ್ಕೆ ಸರಿಸಿ, ನಾಳಕ್ಕೆ ಕ್ಲ್ಯಾಂಪ್ ಹಾಕಿ, ಬಟ್ಟೆಯ ಕೊಳವೆ ಹೊಲಿಯುತ್ತಿದ್ದೆವು. 1990ರಲ್ಲಿ ಅರ್ಜೆಂಟೀನಾದ ಸರ್ಜನ್ ಹುವಾನ್ ಪರೋಡಿ ಅದೇ ಕೊಳವೆಯನ್ನು ತೊಡೆಸಂದಿನ ರಕ್ತನಾಳದಿಂದ ಒಳಗೆ ಕಳಿಸಿದರು. ಈಗ ನಾನು ಜಾಸ್ತಿ ಮಾಡುವುದು ಇದನ್ನೇ.

ಸ್ಟೆಂಟ್ ಗ್ರಾಫ್ಟ್ ಅಂದರೆ ಲೋಹದ ಜಾಲರಿ ಸೇರಿಸಿದ ಬಟ್ಟೆಯ ಕೊಳವೆ; ಒಂದು ಕಾಲು ಮೋಟಾದ ಪ್ಯಾಂಟು ಅಂದುಕೊಳ್ಳಿ. ಅದನ್ನು ಒಂದು ತೊಡೆಯಿಂದ ಏರಿಸಿ ಬಿಚ್ಚುತ್ತೇವೆ. ಇನ್ನೊಂದು ತೊಡೆಯಿಂದ ವೈರ್ ತೂರಿಸಿ, ಮೋಟು ಕಾಲಿನ ಬಾಯಿ ಹುಡುಕಿ, ಉಳಿದ ಕಾಲು ಜೋಡಿಸಬೇಕು. ಒಮ್ಮೊಮ್ಮೆ ಆ ಬಾಯಿ ಸಿಗುವುದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಕೊನೆಗೆ ಡೈ (ಎಕ್ಸ್‌ರೇಯಲ್ಲಿ ರಕ್ತದ ಹರಿವು ಕಾಣಿಸುವ ದ್ರವ) ಬಿಟ್ಟಾಗ ರಕ್ತ ಕೊಳವೆಯೊಳಗೇ ಇಳಿಯಬೇಕು, ಸುತ್ತಲಿನ ಉಬ್ಬಿಗೆ ಹೋಗಬಾರದು. ಇಷ್ಟು ವರ್ಷವಾದರೂ ಆ ಚಿತ್ರ ಬರುವವರೆಗೆ ನನಗೆ ಸಮಾಧಾನವಿಲ್ಲ.

ಆದರೆ ಎಲ್ಲರಿಗೂ ಇದು ಹೊಂದುವುದಿಲ್ಲ. ಕಿಡ್ನಿಯ ನಾಳಗಳ ಕೆಳಗೆ ಕೊಳವೆ ಕಚ್ಚಿ ಕೂರಲು ಸುಮಾರು 15 ಮಿ.ಮೀ. ಒಳ್ಳೆಯ ಜಾಗ ಬೇಕು. ಸಿಟಿ ಆಂಜಿಯೋ (ಡೈ ಕೊಟ್ಟು ರಕ್ತನಾಳ ನೋಡುವ ಸ್ಕ್ಯಾನ್) ಮಾಡಿಸಿದರೆ ತಿಳಿಯುತ್ತದೆ. ಜಾಗ ಚೆನ್ನಾಗಿದ್ದರೆ ನಮ್ಮಪ್ಪನಿಗೂ ಸ್ಟೆಂಟೇ ಹಾಕಿಸುತ್ತಿದ್ದೆ.

ಪ್ರಶ್ನೆ: ಹಾಕಿಸಿದ ಮೇಲೆ ಮುಗೀತು ಅಲ್ವಾ ಸರ್? ಅಪ್ಪನ ಕ್ರಿಯಾಟಿನಿನ್ 1.6 ಇದೆ.

ಉತ್ತರ: ಮುಗಿಯುವುದಿಲ್ಲ. ಮೊದಲ ತಿಂಗಳಿಗೊಂದು ಸ್ಕ್ಯಾನ್, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಂದು, ಜೀವನಪೂರ್ತಿ. ಉಬ್ಬಿನೊಳಗೆ ಮತ್ತೆ ರಕ್ತ ಸೋರಬಹುದು. ನನ್ನ ಶುರುವಿನ ದಿನಗಳ ರೋಗಿಯೊಬ್ಬರು "ಆರಾಮಿದ್ದೀನಿ" ಅಂತ ನಾಲ್ಕು ವರ್ಷ ಬರಲೇ ಇಲ್ಲ. ಬಂದಾಗ ಉಬ್ಬು ಮೊದಲಿಗಿಂತ ದೊಡ್ಡದಾಗಿತ್ತು. ಇನ್ನೊಂದು ತುಂಡು ಸೇರಿಸಿ ಸರಿಮಾಡಿದೆವು. ಅವತ್ತಿನಿಂದ ಡಿಸ್ಚಾರ್ಜ್ ಫೈಲಿನ ಮೇಲೆ ಮುಂದಿನ ಸ್ಕ್ಯಾನ್ ತಾರೀಖನ್ನು ನಾನೇ ದಪ್ಪಕ್ಷರದಲ್ಲಿ ಬರೆಯುತ್ತೇನೆ.

ಕ್ರಿಯಾಟಿನಿನ್ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ; 1.6 ಅಂದರೆ ಡೈ ಬಗ್ಗೆ ಎಚ್ಚರ ಬೇಕು. ಸಿಟಿಗೆ ಮೊದಲೇ ಕಿಡ್ನಿ ಡಾಕ್ಟರನ್ನು ಕಾಣಿ. ಬೀಡಿ ಇವತ್ತೇ ಬಿಡಿಸಿ. ಅಪ್ಪನ ಅಣ್ಣತಮ್ಮಂದಿರಿದ್ದರೆ ಅವರಿಗೂ ಒಂದು ಹೊಟ್ಟೆ ಸ್ಕ್ಯಾನ್ ಮಾಡಿಸಿ. ನಿಮಗೆ 50 ದಾಟಿದ್ದರೆ ನೀವೂ ಮಾಡಿಸಿಕೊಳ್ಳಿ, ಇದು ಮನೆತನದಲ್ಲಿ ಬರುವುದುಂಟು.